ಜಾನ್ ನಾಕ್ಸ್ ಕಣ್ಣೆದುರೇ ನಡೆದ ವಾದ

ಎಡಿನ್‌ಬರೊದ ಮೌಂಡ್ ಗುಡ್ಡದ ಮೇಲೆ ನ್ಯೂ ಕಾಲೇಜ್ ಇದೆ. ಪಾದ್ರಿ ಆಗಬೇಕೆನ್ನುವವರು ಓದುವ ಜಾಗ. ಅಂಗಳದಲ್ಲಿ ಕೈ ಮೇಲೆತ್ತಿ ನಿಂತ ಜಾನ್ ನಾಕ್ಸ್ ಪ್ರತಿಮೆ. 1560ರಲ್ಲಿ ಸ್ಕಾಟ್ಲೆಂಡನ್ನು ಪೋಪ್ ಹಿಡಿತದಿಂದ ಬಿಡಿಸಿದವರಲ್ಲಿ ಇವನೇ ಮುಂದಾಳು. ಅದೇ ಕಟ್ಟಡದಲ್ಲಿ ನಾಡಿನ ಪ್ರಾಟೆಸ್ಟಂಟ್ ಚರ್ಚ್ ಆದ ಚರ್ಚ್ ಆಫ್ ಸ್ಕಾಟ್ಲೆಂಡಿನ ಮಹಾಸಭೆ ಸೇರುವ ಹಾಲ್ ಕೂಡ ಇದೆ. ಸಲಿಂಗಿಗಳನ್ನು ಒಪ್ಪಬೇಕೋ ಬೇಡವೋ ಅನ್ನುವ ವಾದ ನಡೆದದ್ದು ಇಲ್ಲೇ.

ಈ ಚರ್ಚನ್ನು ಅಲ್ಲಿಯವರು ‘ಕರ್ಕ್’ ಅನ್ನುತ್ತಾರೆ. 1707ರಲ್ಲಿ ಸ್ಕಾಟರ ಸಂಸತ್ತು ಹೋಯಿತು. ಕರ್ಕ್, ಕಾನೂನು, ಶಾಲೆ ಮಾತ್ರ ಅವರವೇ ಆಗಿ ಉಳಿದವು. ಹಾಗಾಗಿ ಕರ್ಕ್‌ನ ಮಹಾಸಭೆಯೇ ನಾಡಿನ ದನಿ ಅನ್ನಿಸಿಕೊಂಡಿತು. ಸಲಿಂಗಿಗಳ ವಿಷಯ ಅಲ್ಲಿ ಬರೀ ಧರ್ಮದ ವಿಷಯ ಆಗದೇ ಇದ್ದದ್ದು ಇದಕ್ಕೇ.

ಪ್ರತ್ಯೇಕ ಕಾನೂನಿನ ಹೆಮ್ಮೆಯೇ ಇಲ್ಲಿ ಮುಳುವಾಯಿತು. ಗಂಡಸರ ನಡುವಿನ ಸಲಿಂಗ ಸಂಬಂಧ ಇಂಗ್ಲೆಂಡಿನಲ್ಲಿ 1967ರಲ್ಲೇ ಅಪರಾಧಪಟ್ಟಿಯಿಂದ ಹೊರಬಿತ್ತು. ಸ್ಕಾಟ್ಲೆಂಡ್ 1980ರ ತನಕ ಕಾಯಬೇಕಾಯಿತು. ತಮಾಷೆ ನೋಡಿ, ಆ ನಡುವೆ 1969ರಲ್ಲಿ ಹುಟ್ಟಿದ, ಸಲಿಂಗಿಗಳ ಹಕ್ಕಿಗಾಗಿ ದುಡಿದ ಸ್ಕಾಟಿಷ್ ಮೈನಾರಿಟೀಸ್ ಗ್ರೂಪ್‌ನವರಿಗೆ ಎಡಿನ್‌ಬರೊದಲ್ಲಿ ಸೇರೋಕೆ ಜಾಗ ಕೊಟ್ಟದ್ದು ಕ್ಯಾಥೊಲಿಕ್ ಪಾದ್ರಿ ಆಂಥನಿ ರಾಸ್!

ಆಮೇಲೆ ನಾಕ್ಸ್‌ನ ಅಂಗಳಕ್ಕೇ ಅರ್ಜೆಂಟೀನಾದ ದೇವಶಾಸ್ತ್ರಜ್ಞೆ ಮಾರ್ಸೆಲಾ ಆಲ್ತೌಸ್-ರೀಡ್ ಬಂದರು. 1994ರಿಂದ ನ್ಯೂ ಕಾಲೇಜಿನಲ್ಲಿ ಪಾಠ ಮಾಡಿದರು. ಲ್ಯಾಟಿನ್ ಅಮೆರಿಕದ ವಿಮೋಚನಾ ದೇವಶಾಸ್ತ್ರ ಬಡವರ ಪರ ನಿಂತಿತ್ತು, ಸರಿ. ಆದರೆ ಆ ಬಡವರಿಗೂ ಮೈ ಇದೆ, ಆಸೆ ಇದೆ ಅನ್ನೋದನ್ನು ಮರೆತಿತ್ತು ಅನ್ನುವುದು ಅವರ ತಕರಾರು. ಯಾವುದು ‘ಮರ್ಯಾದೆ’ ಅಂತ ತೀರ್ಮಾನಿಸುವವರು ಯಾರು? 2000ದಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಇಂಡೀಸೆಂಟ್ ಥಿಯಾಲಜಿ’, ಅಂದರೆ ಮರ್ಯಾದೆಗೆಟ್ಟ ದೇವಶಾಸ್ತ್ರ. ಮರ್ಯಾದೆಗೇ ಹೆಸರಾದ ಊರಿನಲ್ಲಿ ಕೂತು ಹೀಗೆ ಕೇಳೋಕೆ ಗುಂಡಿಗೆ ಬೇಕು, ಅಲ್ವಾ?

ಆಗ, ಮತ್ತೆ ಶುರುವಾಗಿದ್ದ ಹೊಸ ಸ್ಕಾಟಿಷ್ ಪಾರ್ಲಿಮೆಂಟಿಗೆ ಸ್ವಂತ ಕಟ್ಟಡ ಇರಲಿಲ್ಲ. ಕರ್ಕ್‌ನ ಈ ಹಾಲೇ ಅದರ ತಾತ್ಕಾಲಿಕ ಮನೆ. ಶಾಲೆಗಳಲ್ಲಿ ಸಲಿಂಗ ಸಂಬಂಧದ ಮಾತಿಗೆ ಕಡಿವಾಣ ಹಾಕಿದ್ದ ಕಾನೂನನ್ನು ಆ ಪಾರ್ಲಿಮೆಂಟ್ 2000ದ ಜೂನ್‌ನಲ್ಲಿ ಕಿತ್ತುಹಾಕಿತು. ಬಸ್ ಉದ್ಯಮಿ ಬ್ರಯನ್ ಸೌಟರ್, ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ವಿನ್ನಿಂಗ್ ಇಬ್ಬರೂ ಎದುರು ನಿಂತಿದ್ದರು. ನಾಡಿನ ಪರವಾಗಿ ಮಾತಾಡೋ ಕೆಲಸ ಕರ್ಕ್‌ನ ಕೈಯಿಂದ ಜಾರಿದ್ದು ಆಗಲೇ ಅಂತ ನನ್ನ ಲೆಕ್ಕ.

ಕರ್ಕ್ ನಿಧಾನಕ್ಕೆ ಹೆಜ್ಜೆ ಹಾಕಿತು. 2009ರಲ್ಲಿ, ಗಂಡಸನ್ನೇ ಸಂಗಾತಿ ಮಾಡಿಕೊಂಡಿದ್ದ ಪಾದ್ರಿ ಸ್ಕಾಟ್ ರೆನ್ನಿ ಅವರ ನೇಮಕವನ್ನು 326–267 ಮತಗಳಿಂದ ಒಪ್ಪಿತು. ಕೆಲವು ಸ್ಥಳೀಯ ಚರ್ಚ್‌ಗಳು ಮುನಿಸಿಕೊಂಡು ಕರ್ಕ್ ಬಿಟ್ಟು ಹೊರಟೇಹೋದವು. 2022ರ ಮೇ ತಿಂಗಳಲ್ಲಿ ಚರ್ಚಿನಲ್ಲೇ ಸಲಿಂಗ ಮದುವೆ ಮಾಡಿಸೋದಕ್ಕೆ 274–136 ಮತಗಳಿಂದ ಒಪ್ಪಿಗೆ ಸಿಕ್ಕಿತು. ಮನಸ್ಸಿಲ್ಲದ ಪಾದ್ರಿಗೆ ಬಲವಂತವಿಲ್ಲ. ಅದೇ ವರ್ಷದ ಜನಗಣತಿಯಲ್ಲಿ ಸ್ಕಾಟ್ಲೆಂಡಿನ ಅರ್ಧಕ್ಕಿಂತ ಜಾಸ್ತಿ ಜನ ತಮಗೆ ಯಾವ ಧರ್ಮವೂ ಇಲ್ಲ ಅಂತ ಬರೆಸಿದರು.