ಮರೆ ಬೇರೆ, ನೆರಳು ಬೇರೆ

ಪಶ್ಚಿಮದ ಕಿಟಕಿಗೆ ಸ್ಮಾರ್ಟ್ ಗ್ಲಾಸ್ ಹಾಕಿಸಬೇಕು ಎಂದು ಬರುವವರಲ್ಲಿ ಹೆಚ್ಚಿನವರದು ಒಂದೇ ಪ್ರಶ್ನೆ: "ಸ್ವಿಚ್ ಹಾಕಿದ್ರೆ ಸೆಕೆ ಕಡಿಮೆ ಆಗುತ್ತಲ್ಲ ಸಾರ್?" ಆಗುವುದಿಲ್ಲ. ನಮ್ಮಲ್ಲಿ ಮನೆಗಳಿಗೆ ಈ ಹೆಸರಿನಲ್ಲಿ ಮಾರುವುದು ಬಹುಮಟ್ಟಿಗೆ, ಸ್ವಿಚ್ ಹಾಕಿದರೆ ತಿಳಿಯಾಗಿ ಆರಿಸಿದರೆ ಬೆಳ್ಳಗಾಗುವ ಪಿಡಿಎಲ್‌ಸಿ ಫಿಲ್ಮ್, ಇಲ್ಲವೇ ಅದನ್ನೇ ಎರಡು ಗಾಜುಗಳ ನಡುವೆ ಕೂರಿಸಿದ ಲ್ಯಾಮಿನೇಟೆಡ್ ಗಾಜು. ಅದು ಮರೆ ಕೊಡುತ್ತದೆ, ನೆರಳು ಕೊಡುವುದಿಲ್ಲ. ಇಷ್ಟನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಮನೆಗಳಲ್ಲಿ ದೊಡ್ಡ ಖರ್ಚು ಉಳಿಯುತ್ತಿತ್ತು.

ಫಿಲ್ಮಿನೊಳಗೆ ಇರುವುದು ಪಾಲಿಮರಿನಲ್ಲಿ ಹರಡಿದ ದ್ರವಸ್ಫಟಿಕದ ಹನಿಗಳು. ಒಂದೊಂದೂ ಹೆಚ್ಚುಕಡಿಮೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ವಿದ್ಯುತ್ ಇಲ್ಲದಾಗ ಹನಿಗಳೊಳಗಿನ ಅಣುಗಳು ಮನಸ್ಸಿಗೆ ಬಂದ ದಿಕ್ಕಿಗೆ ತಿರುಗಿರುತ್ತವೆ, ಬೆಳಕು ಚದುರುತ್ತದೆ, ಗಾಜು ಹಾಲಿನಂತೆ ಬೆಳ್ಳಗಾಗುತ್ತದೆ. ಸುಮಾರು 48ರಿಂದ 65 ವೋಲ್ಟ್ ಎಸಿ ಕೊಟ್ಟರೆ ಅಣುಗಳು ಸಾಲಾಗಿ ನಿಂತು ಗಾಜು ತಿಳಿಯಾಗುತ್ತದೆ. ಅಂದರೆ ಕರೆಂಟ್ ಬೇಕಾಗುವುದು ತಿಳಿಯಾಗಿಡಲು. ಕರೆಂಟ್ ಹೋದರೆ ಮರೆಯೇ ಉಳಿಯುತ್ತದೆ. ಖರ್ಚಿನ ಬಗ್ಗೆ ಹೆದರಬೇಕಾಗಿಲ್ಲ. ಚದರ ಮೀಟರಿಗೆ 5 ವಾಟ್ ಎಂದು ಹಿಡಿದರೆ, 4 ಚದರ ಮೀಟರಿನ ಕಿಟಕಿಯನ್ನು ದಿನಕ್ಕೆ 12 ಗಂಟೆ ತಿಳಿಯಾಗಿಟ್ಟರೂ ತಿಂಗಳಿಗೆ ಏಳು ಯೂನಿಟ್ ಆದೀತು.

ಎಲ್ಲರೂ ಎಡವುವುದು "ಚದುರುತ್ತದೆ" ಎಂಬ ಮಾತಿನಲ್ಲಿ. ಚದುರುವುದು ಎಂದರೆ ತಡೆಯುವುದಲ್ಲ. ಮಡಿಕೇರಿಯಲ್ಲಿ ಬೆಳಗಿನ ಮಂಜು ಮುಸುಕಿದಾಗ ಹತ್ತು ಮಾರು ದೂರದ ಮರ ಕಾಣುವುದಿಲ್ಲ, ಆದರೂ ಕತ್ತಲಾಗಿರುವುದಿಲ್ಲ. ಸುತ್ತ ಬೆಳಕೇ ಬೆಳಕು. ಈ ಫಿಲ್ಮಿನ ಕೆಲಸವೂ ಅದೇ. ಹನಿಗಳಿಗೆ ಬಡಿದ ಬೆಳಕಿನ ಬಹುಪಾಲು ದಿಕ್ಕು ಬದಲಿಸಿಕೊಂಡು ಕೋಣೆಯೊಳಕ್ಕೇ ಬರುತ್ತದೆ, ಹೊರಕ್ಕೆ ಮರಳುವುದು ಸ್ವಲ್ಪವೇ. ಒಳಗೆ ಬಂದದ್ದು ನೆಲ, ಗೋಡೆ, ಸೋಫಾಗಳ ಮೇಲೆ ಬಿದ್ದು ಶಾಖವಾಗುತ್ತದೆ. ಬಿಸಿಲಿನ ಪಟ್ಟೆ ಮಾಯವಾಗುವುದರಿಂದ ಕಣ್ಣಿಗೆ ತಂಪೆನಿಸುತ್ತದೆ, ಫ್ಯಾನಿನ ಕೆಳಗಿನ ಮೈಗೆ ಅಲ್ಲ.

ಮಾರಾಟದ ಹಾಳೆಯೂ ಈ ಗೊಂದಲವನ್ನು ಬೆಳೆಸುತ್ತದೆ. ಅದರಲ್ಲಿ "ಆಫ್ ಇದ್ದಾಗ ಬೆಳಕು ಶೇ. 5" ಎಂಬಂಥ ಅಂಕಿ ಕಂಡರೆ ಅದು ನೇರವಾಗಿ ತೂರಿ ಬರುವ ಕಿರಣದ ಲೆಕ್ಕ. ಚದುರಿ ಬರುವುದನ್ನೂ ಸೇರಿಸಿದ ಒಟ್ಟು ಬೆಳಕಿನ ಅಂಕಿಯನ್ನು ಕೇಳಿ, ಜೊತೆಗೆ ಎಸ್‌ಎಚ್‌ಜಿಸಿ ಎಂಬ, ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂದು ಹೇಳುವ ಅಂಕಿಯನ್ನು ಆನ್ ಮತ್ತು ಆಫ್ ಎರಡಕ್ಕೂ ಕೇಳಿ. ಆನ್, ಆಫ್ ಎರಡರ ಶಾಖದ ಅಂಕಿಯೂ ಹತ್ತಿರ ಹತ್ತಿರ ಇದ್ದರೆ ನಿಮಗೆ ಸಿಗುವುದು ಮರೆ ಮಾತ್ರ. ಕೆಲವು ಫಿಲ್ಮುಗಳಿಗೆ ಶಾಖ ತಡೆಯುವ ಪದರವನ್ನೂ ಸೇರಿಸಿರುತ್ತಾರೆ. ಆ ಲಾಭ ಸ್ವಿಚ್ಚಿನದಲ್ಲ, ಪದರದ್ದು. ಗಾಜು ಬೆಳ್ಳಗಿರಲಿ ತಿಳಿಯಾಗಿರಲಿ ಅದು ಇದ್ದೇ ಇರುತ್ತದೆ. ಅಂಕಿ ಬೇಸರವೆನಿಸಿದರೆ ಎ4 ಅಳತೆಯ ಸ್ಯಾಂಪಲ್ ತರಿಸಿ ಸಂಜೆ ನಾಲ್ಕರ ಬಿಸಿಲಿಗೆ ಹಿಡಿಯಿರಿ. ಹಿಂದೆ ಅಂಗೈ ಇಟ್ಟು ಸ್ವಿಚ್ ಹಾಕಿ, ತೆಗೆದು ನೋಡಿ. ಅಂಗೈಯೇ ಹೇಳುತ್ತದೆ.

ಬೋಯಿಂಗ್ 787ರಲ್ಲಿ ಪ್ರಯಾಣ ಮಾಡಿ ಬಂದವರು "ಗುಂಡಿ ಒತ್ತಿದರೆ ಕಿಟಕಿ ಕಡುನೀಲಿಯಾಗುತ್ತಲ್ಲ" ಎನ್ನುತ್ತಾರೆ. ಅವರು ಕಂಡದ್ದು ನಿಜ, ಆದರೆ ಅದು ಎಲೆಕ್ಟ್ರೋಕ್ರೋಮಿಕ್, ಬೇರೆಯೇ ಜಾತಿ. 1969ರಲ್ಲಿ ವಿಜ್ಞಾನಿ ಎಸ್. ಕೆ. ದೇಬ್ ಟಂಗ್‌ಸ್ಟನ್ ಆಕ್ಸೈಡಿನ ತೆಳು ಪದರ ವಿದ್ಯುತ್ತಿನಿಂದ ಬಣ್ಣ ತಳೆಯುವುದನ್ನು ತೋರಿಸಿಕೊಟ್ಟರು. ಇಂದಿನ ಕಟ್ಟಡಗಳ ಎಲೆಕ್ಟ್ರೋಕ್ರೋಮಿಕ್ ಗಾಜು ಬೆಳೆದದ್ದು ಅಲ್ಲಿಂದ. ಅದು ಬೆಳಕನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಶಾಖವನ್ನೂ ತಗ್ಗಿಸುತ್ತದೆ. ಕೆಲವೇ ವೋಲ್ಟ್ ಡಿಸಿ ಸಾಕು, ಆದರೆ ದೊಡ್ಡ ಗಾಜು ಪೂರ್ತಿ ಕಪ್ಪಾಗಲು ಹಲವು ನಿಮಿಷ ಬೇಕು, ಕಪ್ಪಾದಾಗಲೂ ಅದರಾಚೆ ಕಾಣುತ್ತಲೇ ಇರುತ್ತದೆ. ಮರೆಗಾಗಿ ಅದನ್ನು ಕೊಂಡರೆ ಇದೇ ತಪ್ಪು ತಿರುಗಾಮುರುಗಾ ಆದಂತೆ. ಹಳೆಯ ಕಿಟಕಿಗೆ ಅಂಟಿಸುವ ವಸ್ತುವೂ ಅದಲ್ಲ, ಸಾಮಾನ್ಯವಾಗಿ ಡಬಲ್ ಗ್ಲೇಜಿಂಗ್ (ನಡುವೆ ಸಂದು ಬಿಟ್ಟ ಜೋಡಿ ಗಾಜು) ಆಗಿಯೇ ಬರುತ್ತದೆ.

ಪಶ್ಚಿಮದ ಸೆಕೆಗೆ ಮದ್ದು ಗಾಜಿನ ಹೊರಗಿದೆ. ಇಳಿಬಿಸಿಲು ಓರೆಯಾಗಿ ಬರುವುದರಿಂದ ಸಜ್ಜಾ ಒಂದೇ ಸಾಲದು. ಹೊರಗೆ ಬಿದಿರಿನ ತಟ್ಟಿ, ಲೂವರ್ ಅಥವಾ ಒಂದು ಮರ ಬೇಕು. ಅದಾದ ಮೇಲೆ ಬಚ್ಚಲುಮನೆಗೋ ಪಕ್ಕದ ಮನೆಗೆ ಮುಖಮಾಡಿದ ಮಲಗುವ ಕೋಣೆಗೋ ಪಿಡಿಎಲ್‌ಸಿ ಹಾಕಿಸಿ, ಅಲ್ಲಿ ಅದು ನಿಜಕ್ಕೂ ಒಳ್ಳೆಯ ವಸ್ತು. ಆದರೆ ರಾತ್ರಿ ಒಳಗೆ ದೀಪವಿದ್ದು, ಗಾಜಿಗೆ ತೀರಾ ಹತ್ತಿರ ನಿಂತರೆ ಮೈಯ ಆಕಾರ ನೆರಳಾಗಿ ಹೊರಗೆ ಕಾಣುತ್ತದೆ. ಷವರನ್ನು ಕಿಟಕಿಯಿಂದ ದೂರ ಇಡಿಸಿ. ಹಗಲು ನಿದ್ದೆಗೆ ದಪ್ಪ ಪರದೆಯೇ ಬೇಕು.

ಕೆಟ್ಟುಹೋಗುವುದು ಹೆಚ್ಚಾಗಿ ಅಂಚಿನಲ್ಲಿ. ಫಿಲ್ಮಿಗೆ ಕರೆಂಟ್ ಕೊಡುವ ಅಂಚಿನ ತಾಮ್ರದ ಪಟ್ಟಿಯ ಪಕ್ಕದಲ್ಲಿ ವಿನಿಗರ್ ವಾಸನೆಯ ಅಗ್ಗದ ಸಿಲಿಕೋನ್ ಬಳಿದರೆ ತಾಮ್ರ ಹಸಿರುಗಟ್ಟುತ್ತದೆ. ನ್ಯೂಟ್ರಲ್ ಸಿಲಿಕೋನ್ ಎಂದೇ ಕೇಳಿ. ಫಿಲ್ಮು ಫ್ರೇಮಿಗಿಂತ ಸುತ್ತಲೂ 2–3 ಮಿಲಿಮೀಟರ್ ಒಳಗಿರಲಿ. ಕರೆಂಟ್ ಇರುವಾಗ ಫಿಲ್ಮನ್ನು ಕತ್ತರಿಸಿದರೆ ಅದರ ಎರಡು ಬದಿಯ ವಿದ್ಯುತ್ ವಾಹಕ ಪದರಗಳು ತಾಗಿ ಕಿಡಿ ಹಾರುತ್ತದೆ. ಒರೆಸುವಾಗ ನೀರನ್ನು ಬಟ್ಟೆಗೆ ಚಿಮುಕಿಸಿ, ಗಾಜಿಗಲ್ಲ. ಫಿಲ್ಮ್ ತಯಾರಕರು ಹೇಳಿದ ಟ್ರಾನ್ಸ್‌ಫಾರ್ಮರನ್ನೇ ಬಳಸಿ, ಡಿಸಿಯನ್ನು ಎಂದೂ ಕೊಡಬೇಡಿ, ಫ್ಯಾನ್ ರೆಗ್ಯುಲೇಟರಿಗೆ ಜೋಡಿಸಬೇಡಿ. ಯುಪಿವಿಸಿ ಸ್ಲೈಡಿಂಗ್ ಕಿಟಕಿಯಾದರೆ ಸರಿಯುವ ಗಾಜಿನ ಬಾಗಿಲಿಗೆ ವೈರು ಹೇಗೆ ಹೋಗುತ್ತದೆ ಎಂದು ಗಾಜು ಆರ್ಡರ್ ಮಾಡುವ ಮೊದಲೇ ತೀರ್ಮಾನಿಸಿ. ಬಾಗಿ ನಿಮಿರುವ ತಂತಿ ವರ್ಷಗಟ್ಟಲೆ ತಡೆಯುವುದಿಲ್ಲ. ಸಾಧ್ಯವಿದ್ದರೆ ಸರಿಯದ ಬಾಗಿಲಿಗೆ ಮಾತ್ರ ಫಿಲ್ಮು ಹಾಕಿಸಿ, ಸರಿಯುವುದಕ್ಕೆ ಫ್ರಾಸ್ಟೆಡ್ ಗಾಜು ಸಾಕು.