ಹತ್ತಿಯ ಮೇಲೆ ಮದ್ದುಗುಂಡು: ‘ಫೋರ್ಟ್ ಸ್ಟಿಕೀನ್’ ಹಡಗಿನ ಹೋಲ್ಡ್ ನಂಬರ್ 2

1944ರ ಏಪ್ರಿಲ್ 14ರಂದು ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ ಸಿಡಿದ ‘ಫೋರ್ಟ್ ಸ್ಟಿಕೀನ್’ ಹಡಗಿನ ವಿಚಾರ ಬಂದಾಗಲೆಲ್ಲ, ಯಾರೋ ಎಸೆದ ಸಿಗರೇಟಿನ ತುಂಡಿನ ಮಾತು ಬಂದೇ ಬರುತ್ತದೆ. ಹತ್ತಿಗೆ ಕಿಡಿ ಎಲ್ಲಿಂದ ಬೇಕಾದರೂ ತಗುಲಬಹುದು. ಆ ಬೆಂಕಿಯನ್ನು ಆರಿಸಲಾಗದಂತೆ ಮಾಡಿದ್ದು ಕರಾಚಿಯಲ್ಲಿ ಸರಕು ತುಂಬಿದ ಕ್ರಮ. ನನ್ನ ಲೆಕ್ಕದಲ್ಲಿ ಅಸಲು ತಪ್ಪು ಅದೇ.

ಹಡಗು 7142 ಟನ್ನಿನದು, ಬ್ರಿಟನ್ನಿನ ಯುದ್ಧ ಸಾಗಣೆಗಾಗಿ 1942ರಲ್ಲಿ ಕೆನಡಾದ ಪ್ರಿನ್ಸ್ ರೂಪರ್ಟ್‌ನಲ್ಲಿ ಕಟ್ಟಿದ್ದು. 1944ರ ಫೆಬ್ರುವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್ ಬಂದರು ಬಿಟ್ಟಾಗ ಅದರಲ್ಲಿ ಸುಮಾರು 1395 ಟನ್ ಸ್ಫೋಟಕ ಮತ್ತು ಮದ್ದುಗುಂಡುಗಳಿದ್ದವು. ಅದರಲ್ಲಿ 238 ಟನ್ ಅತಿ ಸೂಕ್ಷ್ಮವಾದ ‘ಎ’ ದರ್ಜೆಯ ಸ್ಫೋಟಕ. ಜೊತೆಗೆ 31 ಪೆಟ್ಟಿಗೆಗಳಲ್ಲಿ 124 ಚಿನ್ನದ ಗಟ್ಟಿಗಳು. ಕರಾಚಿಯಲ್ಲಿ ಒಂದಷ್ಟು ಸರಕು ಇಳಿಸಿ, ಖಾಲಿಯಾದ ಜಾಗಕ್ಕೆ 8700 ಬೇಲ್ (ಒತ್ತಿ ಕಟ್ಟಿದ ಮೂಟೆ) ಹತ್ತಿ, ಎಣ್ಣೆಯ ಡ್ರಮ್ಮು, ಮರ, ಗಂಧಕ, ರಾಳ, ಗುಜರಿ ಕಬ್ಬಿಣ ತುಂಬಿದರು. ಹಡಗುಗಳ ಕೊರತೆಯ ಕಾಲ, ಒಂದಡಿ ಜಾಗವೂ ಖಾಲಿ ಹೋಗುವಂತಿರಲಿಲ್ಲ.

ನಂಬರ್ 2 ಹೋಲ್ಡ್‌ನಲ್ಲಿ, ಅಂದರೆ ಹಡಗಿನ ಒಡಲಿನ ಎರಡನೇ ಸರಕು ಕೋಣೆಯಲ್ಲಿ, ಹತ್ತಿ ಕೆಳಗೆ, ಸ್ಫೋಟಕ ಮೇಲೆ.

ಒತ್ತಿ ಕಟ್ಟಿದ ಬೇಲ್ ಹೊತ್ತಿಕೊಂಡರೆ ಜ್ವಾಲೆ ಏಳುವುದು ಕಡಿಮೆ. ನಾರಿನ ನಡುವೆ ಸಿಕ್ಕಿಕೊಂಡ ಗಾಳಿಯಲ್ಲೇ ಬೆಂಕಿ ಒಳಗೊಳಗೆ ಗಂಟೆಗಟ್ಟಲೆ ಹರಿದಾಡುತ್ತದೆ, ಬೂದಿ ಮುಚ್ಚಿದ ಕೆಂಡದಂತೆ. ಮೇಲಿನಿಂದ ನೀರು ಬಿಟ್ಟರೆ ಹೊರಪದರ ನೆನೆಯುತ್ತದೆಯೇ ಹೊರತು ತಿರುಳಿಗೆ ಇಳಿಯುವುದಿಲ್ಲ. ಮೇಲೆ ಪೆಟ್ಟಿಗೆಗಳ ರಾಶಿ ಇದ್ದರಂತೂ ಪೈಪಿನ ನೀರು ಬೆಂಕಿಯ ಮೂಲ ಮುಟ್ಟುವುದೇ ಇಲ್ಲ. ಅಂದು 32 ಪೈಪುಗಳಿಂದ 900 ಟನ್ನಿಗೂ ಹೆಚ್ಚು ನೀರು ಸುರಿದರು. ಹೋಲ್ಡ್‌ನಲ್ಲಿ ನೀರು ಏರಿದಂತೆ ಉರಿಯುವ ಬೇಲ್‌ಗಳು ತೇಲುತ್ತ ಸ್ಫೋಟಕಗಳ ಕಡೆಗೆ ಏರಿದವು. ನಂದಿಸಲು ಬಿಟ್ಟ ನೀರೇ ಬೆಂಕಿಯನ್ನು ಮದ್ದಿನ ಬಳಿಗೆ ಎತ್ತಿ ಒಯ್ದಿತು.

ಬೇರೆ ದಾರಿ ಇದ್ದದ್ದು ಹಬೆ. ಹ್ಯಾಚ್ (ಹೋಲ್ಡ್‌ನ ಮೇಲಿನ ಬಾಯಿ) ಮುಚ್ಚಿ, ಗಾಳಿಗೊಳವೆಗಳನ್ನು ಬಿಗಿದು, ಹಬೆ ಬಿಟ್ಟು ಆಮ್ಲಜನಕ ಇಲ್ಲವಾಗಿಸುವ ಕ್ರಮ. ಅದನ್ನು ಬಳಸಲಿಲ್ಲವೆಂದು ತನಿಖಾ ಆಯೋಗವೇ ಆಕ್ಷೇಪಿಸಿತು. ಆದರೆ ಹಬೆಗೂ ಮಿತಿ ಇದೆ: ಹತ್ತಿಯ ಬೆಂಕಿಯನ್ನು ಅದು ತಡೆಹಿಡಿಯಬಲ್ಲದು, ಆರಿಸುವ ಭರವಸೆ ಕೊಡಲಾರದು. ಹ್ಯಾಚ್ ತೆರೆದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮೊದಲ ಹೊಗೆ ಕಂಡಾಗಲೇ ಅದನ್ನು ಬಳಸಬೇಕಿತ್ತು.

ಹಡಗಿನ ಪಕ್ಕವನ್ನು ಗ್ಯಾಸ್ ಕಟರ್‌ನಿಂದ ಕೊರೆಯುವ ಯತ್ನ ಕೈಗೂಡಲಿಲ್ಲ. ಮುಳುಗಿಸೋಣವೆಂದರೆ ಡಾಕ್‌ನಲ್ಲಿ ತಳದ ಕೆಳಗೆ ಕೆಲವೇ ಅಡಿ ನೀರು, ಸರಕು ಪೂರ್ತಿ ಮುಳುಗುವಷ್ಟು ಆಳವಿರಲಿಲ್ಲ. ಹೊರಗೆ ಒಯ್ಯೋಣವೆಂದರೆ ಎಂಜಿನ್ ರಿಪೇರಿಗೆ ಬಿಚ್ಚಿತ್ತು. ಅಪಾಯದ ಸರಕಿನ ಕೆಂಪು ಬಾವುಟ ಹಾರಿಸಿರಲಿಲ್ಲ. ಅಗ್ನಿಶಾಮಕ ದಳಕ್ಕೆ ಸುದ್ದಿ ತಡವಾಗಿ ಹೋಯಿತು. ಏಪ್ರಿಲ್ 12ರಂದೇ ಬಾಂಬೆಗೆ ಬಂದ ಹಡಗಿನಿಂದ ಸ್ಫೋಟಕಗಳನ್ನು ಮೊದಲು ಇಳಿಸಲೂ ಇಲ್ಲ.

ಸಂಜೆ 4:06ಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯ ಆಸುಪಾಸಿನಲ್ಲಿ ಎರಡನೆಯದು. ದೂರದ ಶಿಮ್ಲಾದ ಭೂಕಂಪಮಾಪಕದಲ್ಲೂ ಅದು ದಾಖಲಾಯಿತು. ಸತ್ತವರು 800ರಿಂದ 1300 ಎಂಬ ಅಂದಾಜಿದೆ. ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ಕೈಯಲ್ಲಿದ್ದ ಸಾಧನದಿಂದ ಕೊನೆಯವರೆಗೂ ಹೋರಾಡಿದವರು ಅವರು. ಅವರ ಧೈರ್ಯವನ್ನು ಲೋಡಿಂಗ್ ತಪ್ಪಿನ ಜೊತೆ ಬೆರೆಸಿ ನೋಡಬಾರದು.

ಹತ್ತಿ ಸಾಗಿಸುವವರು ಇಂದಿಗೂ ನೋಡಬೇಕಾದ್ದು ಇವು. ಬಿಗಿದ ಪಟ್ಟಿ ಹರಿದು ಸಡಿಲಾದ ಬೇಲನ್ನು ಹಡಗಿಗೆ ಏರಿಸಿಕೊಳ್ಳಬಾರದು, ಸಡಿಲ ನಾರು ಕಿಡಿಗೆ ಬೇಗ ಸಿಗುತ್ತದೆ. ಎಣ್ಣೆಯ ಕಲೆ ಇರುವ ಬೇಲನ್ನೂ ವಾಪಸ್ ಕಳಿಸಬೇಕು. ಎಣ್ಣೆ ಹೀರಿದ ನಾರು, ಅದರಲ್ಲೂ ಸಸ್ಯಜನ್ಯ ಎಣ್ಣೆ ಹೀರಿದ್ದು, ಕಿಡಿಯಿಲ್ಲದೆಯೇ ತಾನಾಗಿ ಬಿಸಿಯಾಗುತ್ತದೆ. ಗಾಳಿಗೊಳವೆಗಳ ಬಾಯಿಗೆ ತಂತಿ ಜಾಲರಿ ಇರಲಿ. ಲೋಡಿಂಗ್ ನಡೆಯುವಾಗ ಪೈಪಿನಲ್ಲಿ ನೀರು ಸಿದ್ಧವಿರಲಿ. ಒದ್ದೆ ಹತ್ತಿ ಅಂತರರಾಷ್ಟ್ರೀಯ ಅಪಾಯಕಾರಿ ಸರಕು ಪಟ್ಟಿಯಲ್ಲಿ ಯುಎನ್ (ವಿಶ್ವಸಂಸ್ಥೆ) ಸಂಖ್ಯೆ 1365, ವರ್ಗ 4.2, ಅಂದರೆ ತಾನಾಗಿ ಹೊತ್ತಿಕೊಳ್ಳುವ ವಸ್ತು. ಮಳೆಯಲ್ಲಿ ನೆನೆದ ಬೇಲ್ ಹಡಗುಕಟ್ಟೆಗೆ ಬಂದರೆ ‘ಒಣಗುತ್ತದೆ ಬಿಡಿ’ ಎಂದು ಮಿಕ್ಕವುಗಳ ನಡುವೆ ಸೇರಿಸದೆ, ಬೇರೆಯೇ ಇಟ್ಟು, ಸರಕು ಪರೀಕ್ಷಿಸುವ ಸರ್ವೇಯರ್‌ಗೆ ತೋರಿಸಿ, ಯಾವ ಸರಕು ಎಲ್ಲಿ ಎಂದು ತೋರಿಸುವ ಲೋಡಿಂಗ್ ನಕ್ಷೆಯಿಂದ ತೆಗೆಯಬೇಕು.