ದ್ವಾರಕೆಯ ಕಡಲಡಿ ಸಿಕ್ಕಿದ್ದೇನು, ಎಲ್ಲಿ ಸಿಕ್ಕಿತು?

ಕಡಲಡಿ ಕೃಷ್ಣನ ದ್ವಾರಕೆ ಸಿಕ್ಕಿತು ಎಂಬ ಸುದ್ದಿ ಬಂದಾಗಲೆಲ್ಲ ಎರಡು ಜಾಗಗಳು ಒಂದಾಗಿಬಿಡುತ್ತವೆ. ಒಂದು, ಗೋಮತಿ ನದಿ ಕಡಲು ಸೇರುವಲ್ಲಿರುವ ದ್ವಾರಕೆ ಪಟ್ಟಣ. ಇನ್ನೊಂದು, ಅಲ್ಲಿಂದ ಸುಮಾರು 30 ಕಿ.ಮೀ. ದೂರದಲ್ಲಿ, ಓಖಾ ಬಂದರಿನ ಎದುರಿಗಿರುವ ಬೇಟ್ ದ್ವಾರಕಾ ದ್ವೀಪ. ಮೂರು ಪ್ರಾಣಿತಲೆಗಳನ್ನು ಶಂಖದಲ್ಲಿ ಕೆತ್ತಿದ ಮುದ್ರೆ, ಸುಮಾರು 3,500 ವರ್ಷ ಹಳೆಯದೆಂದು ಲೆಕ್ಕ ಹಾಕಿದ ಮಡಕೆ ಚೂರು ಸಿಕ್ಕಿದ್ದು ದ್ವೀಪದಲ್ಲಿ. ಸುದ್ದಿಯ ಚಿತ್ರಗಳಲ್ಲಿ ಕಾಣುವ ಕಟ್ಟಡದ ಕಲ್ಲುಗಳು ಪಟ್ಟಣದ ಮುಂದಿನ ಕಡಲಿನವು. ದ್ವೀಪದ ಕಾಲವನ್ನು ಪಟ್ಟಣದ ಕಲ್ಲಿಗೆ ಅಂಟಿಸಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿತು.

1963ರಲ್ಲಿ ಪುರಾತತ್ವಜ್ಞರು ಪಟ್ಟಣದ ನೆಲ ಅಗೆದರು. 1979-80ರಲ್ಲಿ ಪುರಾತತ್ವಜ್ಞ ಎಸ್.ಆರ್. ರಾವ್ ಅವರು ದ್ವಾರಕಾಧೀಶ ಗುಡಿಯ ಮುಂಭಾಗದಲ್ಲಿ ಅಗೆದಾಗ ಹಳೆಯ ಗುಡಿಗಳ ಕುರುಹು ಕಂಡವು. ಶಿವಮೊಗ್ಗ ಜಿಲ್ಲೆಯ ಆನಂದಪುರದ ಈ ಕನ್ನಡಿಗರೇ ಮುಂದೆ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮುಳುಗುಗಾರರೊಂದಿಗೆ ನೀರಿಗಿಳಿಯುವ ಕೆಲಸ ಕಟ್ಟಿದರು.

ಆಗ ಹೇರಳವಾಗಿ ಸಿಕ್ಕಿದ್ದು ಕಲ್ಲಿನ ಲಂಗರುಗಳು. ತ್ರಿಕೋನದ ಲಂಗರಿಗೆ ಮೇಲೊಂದು ದುಂಡು ತೂತು, ಅದು ಹಗ್ಗಕ್ಕೆ. ಕೆಳಗಿನ ಎರಡು ಚೌಕ ತೂತುಗಳು ಮರದ ಕೊಕ್ಕೆಗೆ. ಉದ್ದನೆಯ ಮಾದರಿಯಲ್ಲಿ ಕೆಳಗಿನ ಎರಡು ತೂತುಗಳನ್ನು ಒಂದಕ್ಕೊಂದು ಅಡ್ಡವಾಗಿ ಕೊರೆದಿರುತ್ತಾರೆ, ಕೊಕ್ಕೆಗಳು ನಾಲ್ಕು ದಿಕ್ಕಿಗೂ ಚಾಚಲಿ ಎಂದು. ಬಂಡೆಸಂದಿಯಲ್ಲಿ ಸಿಕ್ಕಿಕೊಂಡರೆ ಹಗ್ಗ ಕಡಿದು, ಲಂಗರು ಬಿಟ್ಟು ಹೋಗುವುದೇ ದಾರಿ. ಮರ, ಹಗ್ಗ ಕೊಳೆತು ಕಲ್ಲು ಮಾತ್ರ ಉಳಿಯಿತು. ಉದ್ದನೆಯ ಮಾದರಿ ಇರಾನ್, ಒಮಾನ್ ತೀರಗಳಲ್ಲೂ ಇದೆ, ಮಧ್ಯಯುಗದ ಹಡಗು ವ್ಯಾಪಾರದ್ದು. ಹೀಗಾಗಿ ಲಂಗರುಗಳ ರಾಶಿ ತೋರಿಸುವುದು ಬಹುಕಾಲ ನಡೆದ ಬಂದರನ್ನು. ಅದೂ ಸಣ್ಣ ಸಂಗತಿಯಲ್ಲ, ಆದರೆ ಸುದ್ದಿಯಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ.

ಕಾಲ ನಿರ್ಣಯ ಕಷ್ಟವಾಗಲು ಕಾರಣ ಸರಳ. ಕಲ್ಲು ಕೆತ್ತಿದ ವರ್ಷವನ್ನು ಇಂಗಾಲದ ಪರೀಕ್ಷೆ ಹೇಳಲಾರದು. ಅದಕ್ಕೆ ಕಲ್ಲಿನಡಿ ಸಿಕ್ಕಿಕೊಂಡ, ಒಮ್ಮೆ ಜೀವವಿದ್ದ ವಸ್ತು, ಅಂದರೆ ಮರ, ಇದ್ದಿಲು, ಚಿಪ್ಪು ಬೇಕು. ಆದರೆ ಇಲ್ಲಿ ಆಳ ಕಡಿಮೆ, ಅಲೆಯ ಎಳೆತ ಜೋರು. ಹೂಳು ಜಾಗ ಬದಲಿಸುತ್ತದೆ, ಕಲ್ಲುಗಳು ಉರುಳುತ್ತವೆ. ಪಾಚಿ ಉಜ್ಜಿ ತೆಗೆಯದೆ ಉಳಿಯ ಗುರುತು ಕಾಣುವುದಿಲ್ಲ. ಮಳೆಗಾಲದಲ್ಲಂತೂ ಮುಳುಗುವ ಮಾತೇ ಇಲ್ಲ.

2025ರ ಫೆಬ್ರುವರಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ಐವರ ತಂಡ ಗೋಮತಿ ಮುಖದ ಬಳಿ ಮತ್ತೆ ಮುಳುಗಿತು. ಇಂಥ ಕೆಲಸದಲ್ಲಿ ಬಂಡೆಗಳ ನಡುವೆ ಹೂಳು ಕದಡದೆ ನಿಂತ ತಗ್ಗು ಸಿಕ್ಕರೆ, ಕಲ್ಲು ಎತ್ತುವ ಮೊದಲೇ ಅದರ ಜಾಗ, ಮುಖ ಮಾಡಿದ ದಿಕ್ಕು, ಆಳ ಬರೆದುಕೊಂಡು, ಅಡಿಯ ಹೂಳನ್ನು ಪದರ ಕೆಡದಂತೆ ಕೊಳವೆಯಲ್ಲಿ ತೆಗೆದಿಡಬೇಕು. ಮೇಲೆ ತಂದ ಕಲ್ಲಿನಿಂದ ಆ ಮಾಹಿತಿ ಮತ್ತೆ ಸಿಗದು.